ಒಳಗೆ ಸವೆದ ಕಬ್ಬಿಣ

ಮೂವತ್ತಾರು ವರ್ಷ ರೈತರಿಗೆ ಬುದ್ಧಿ ಹೇಳಿ ಸರ್ಕಾರದ ಪಗಾರ ಉಂಡವನು ನಾನು. ಹೋದ ಶ್ರಾವಣದಲ್ಲಿ ನಮ್ಮದೇ ಮನೆಯ ದನದ ಕೊಟ್ಟಿಗೆಯಲ್ಲಿ ಒಂದು ಕಬ್ಬಿಣದ ಸಾಮಾನು ಸಿಕ್ಕಿತು. ಅದು ಏನಂತ ಹೇಳಲಿಕ್ಕೆ ನನಗೆ ಬರಲಿಲ್ಲ. ಇದನ್ನು ನೀವು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಛಲೋ. ನನ್ನ ತಮ್ಮ ಆಗಲೇ ಊರ ತುಂಬ ಹೇಳಿಕೊಂಡು ಬಂದಿದ್ದಾನೆ.

ಆಗ ನನ್ನ ನಿವೃತ್ತಿಗೆ ಎರಡು ತಿಂಗಳು ಬಾಕಿ ಇತ್ತು. ಕೃಷಿ ಇಲಾಖೆಯಲ್ಲಿ ನನ್ನದು ಮೋಟರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಸಲಹೆ ಕೊಡುವ ಕೆಲಸ. ದಣಿವು ಅಂದರೆ ಮೈಮುರಿದು ದುಡಿದವರಿಗೆ ಬರುವುದು ಅಂತ ಜನ ತಿಳಿದಿದ್ದಾರೆ. ಹೇಳಿದ್ದನ್ನೇ ಹೇಳಿದರೂ ಬರುತ್ತದೆ ಸ್ವಾಮಿ, ಮತ್ತು ಆ ದಣಿವು ಮಲಗಿ ಎದ್ದರೆ ಹೋಗುವುದಿಲ್ಲ. ಬೀಜಕ್ಕೆ ಉಪಚಾರ ಮಾಡಿ ಬಿತ್ತಿರಿ, ಇಳಿಜಾರಿಗೆ ಅಡ್ಡ ನೇಗಿಲು ಹೊಡೆಯಿರಿ, ಮಣ್ಣು ಪರೀಕ್ಷೆ ಮಾಡಿಸಿರಿ. ಈ ಮೂರು ಮಾತನ್ನು ನಾನು ಎಷ್ಟು ಕಟ್ಟೆಗಳ ಮೇಲೆ ಕೂತು ಹೇಳಿದ್ದೇನೋ ಆ ಕಟ್ಟೆಗಳಿಗೇ ಗೊತ್ತು. ನಮ್ಮ ಯಲಬುರ್ಗಾ ಕಡೆಯ ಮಂದಿ ಭಾಳ ಮರ್ಯಾದಸ್ತರು, ಎದುರಿಗೆ ಇಲ್ಲ ಅನ್ನುವುದಿಲ್ಲ. "ಆತ್ರಿ ಸಾಹೇಬ್ರ, ನೋಡೂಣು" ಅನ್ನುತ್ತಾರೆ. ಹೊಸದಾಗಿ ನೌಕರಿಗೆ ಸೇರಿದಾಗ 'ಆತ್ರಿ' ಅಂದರೆ 'ಮಾಡುತ್ತೇವೆ' ಅಂತ ತಿಳಿದು ಖುಷಿಪಡುತ್ತಿದ್ದೆ. 'ನೀವು ಹೇಳಿದ್ದು ಮುಗೀತು, ಇನ್ನ ಚಹಾ ಕುಡೀರಿ' ಅಂತ ಅದರ ಅರ್ಥ ಎಂದು ತಿಳಿಯಲಿಕ್ಕೆ ನಾಲ್ಕು ವರ್ಷ ಬೇಕಾಯಿತು. ಆಮೇಲೆ ಚಹಾ ಮಾತ್ರ ಮನಸಾರೆ ಕುಡಿದೆ.

ಇಂಥಾ ಹೊತ್ತಿನಲ್ಲಿ ಆಫೀಸಿಗೆ ಹೊಸದಾಗಿ ಬಂದ ಸವಿತಾ ಎಂಬ ಅಧಿಕಾರಿ, ನನ್ನ ಮಗಳ ವಯಸ್ಸಿನವಳು, ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಬೀಳ್ಕೊಡುಗೆಗೆ ಒಂದು ಸಣ್ಣ ಪುಸ್ತಿಕೆ ತರುತ್ತಾರಂತೆ. ಅದರಲ್ಲಿ ಅರ್ಧ ಪುಟ ನನ್ನದು. 'ನನ್ನ ಮಾತಿನಿಂದ ಒಬ್ಬ ರೈತನಿಗೆ ಉಪಯೋಗವಾದ ಒಂದು ಪ್ರಸಂಗ' ಅಂತ ಮೇಲೆ ಆಕೆಯೇ ದುಂಡಗೆ ಬರೆದು, ಕೆಳಗೆ ಜಾಗ ಬಿಟ್ಟಿದ್ದಳು. ಒಂದೇ ಸಾಕು ಸರ್, ಅಂದಳು.

ಒಂದೇ ಸಾಕು ಅಂದದ್ದೇ ತೊಂದರೆಯಾಯಿತು. ಹತ್ತು ಬರೆಯಿರಿ ಅಂದಿದ್ದರೆ ಹತ್ತು ಕಟ್ಟಿ ಬರೆಯುತ್ತಿದ್ದೆ, ವರದಿ ಬರೆದು ಕೈ ಪಳಗಿದೆ. ಒಂದು ಖರೇ ಪ್ರಸಂಗ ಅಂದಾಗ ಪೆನ್ನು ಏಳಲಿಲ್ಲ. ಬೀಜ ಹಂಚಿದ್ದೇನೆ, ಅದು ಸರ್ಕಾರದ್ದು. ಗೊಬ್ಬರ ಹಂಚಿದ್ದೇನೆ, ಅದೂ ಸರ್ಕಾರದ್ದೇ. ನನ್ನ ತಲೆಯಿಂದ ಹೊರಟ ಒಂದು ಮಾತು ಯಾರದಾದರೂ ಹೊಲದಲ್ಲಿ ಇಳಿದು ಕೆಲಸ ಮಾಡಿತೇ? ಒಬ್ಬರ ಮುಖವೂ ಕಣ್ಣ ಮುಂದೆ ಬರಲಿಲ್ಲ. ನನ್ನ ಸ್ವಂತ ಅಪ್ಪನೇ ನನ್ನ ಮಾತು ಕೇಳಿರಲಿಲ್ಲ, ಇನ್ನು ಊರವರ ಮೇಲೆ ಏನು ಸಿಟ್ಟು? ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಅಂಗಿ ಬದಲಾದರೂ ಹಾಳೆ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಬರುತ್ತ ಹೋಯಿತು.

ಕೊಟ್ಟಿಗೆಯ ಮಾತಿಗೆ ಬರುತ್ತೇನೆ. ಬೇವೂರಿನ ಆಚೆ ಇರುವ ನಮ್ಮ ಹಳ್ಳಿಯಲ್ಲಿ ಹೊಲಮನಿ ನೋಡಿಕೊಳ್ಳುವವನು ನನ್ನ ತಮ್ಮ ಬಸವರಾಜ. ಅಪ್ಪ ಒಕ್ಕಲುತನ ಮಾಡುತ್ತಿದ್ದಾಗ ಅವನು ಕುಷ್ಟಗಿಯಲ್ಲಿ ಬಟ್ಟೆ ಅಂಗಡಿಯಲ್ಲಿದ್ದ. ಅಪ್ಪ ಎತ್ತು ಮಾರಿದ ಮೇಲೆ ಬಂದು ಟ್ರ್ಯಾಕ್ಟರ್ ಹಿಡಿದ. ಎತ್ತು ಮಾರಿ ಹದಿಮೂರು ವರ್ಷವಾಯಿತು, ಅಪ್ಪ ತೀರಿಕೊಂಡು ಹನ್ನೊಂದು. ಖಾಲಿ ಕೊಟ್ಟಿಗೆ ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಲು ತಗಡಿನ ಶೆಡ್ಡು ಹಾಕಬೇಕೆಂದು ಬಸವರಾಜ ಫೋನ್ ಮಾಡಿದ. ಹಳೇ ಸಾಮಾನು ಬಹಳ ಇವೆ, ಗುಜರಿಗೆ ಹಾಕುವ ಮೊದಲು ನೀನೊಮ್ಮೆ ನೋಡು, ನೀನು ತಿಳಿದವನು, ಅಂದ. ಕೊನೆಯ ಮಾತನ್ನು ಅವನು ಮೊದಲಿನಿಂದಲೂ ಒಂದು ಥರಾ ಅನ್ನುತ್ತಾನೆ.

ಆದಿತ್ಯವಾರ ಹೋದೆ. ಮೊಣಕಾಲು ಬೇಡ ಅಂದಿತು, ಆದರೂ ಹೋದೆ. ಬಸವರಾಜ ಒಂದೊಂದೇ ಸಾಮಾನು ಅಂಗಳಕ್ಕೆ ತಂದು ಹಾಕುವುದು, ನಾನು ಕೈ ಹಿಂದೆ ಕಟ್ಟಿಕೊಂಡು ಹೆಸರು ಹೇಳುವುದು. ಗೆದ್ದಲು ತಿಂದ ಕುಂಟಿ, ಬಿರುಕು ಬಿಟ್ಟ ನೊಗ, ಬೀಜ ಬಿತ್ತುವ ಕೂರಿಗೆಯ ಬಟ್ಟಲು, ಗಾಡಿಯ ಕೀಲು. ಎಲ್ಲದಕ್ಕೂ ಹೆಸರು ಹೇಳಿ, ಕೇಳದಿದ್ದರೂ ಉಪಯೋಗ ಹೇಳಿ, ಯಾವ ಕಟ್ಟಿಗೆ ಅಂತಲೂ ಹೇಳಿದೆ. ನಮ್ಮ ಹಿರಿಯರು ಹೆಸರಿಡುವುದರಲ್ಲಿ ಜಿಪುಣರಲ್ಲ ನೋಡಿರಿ. ಹಗ್ಗದಲ್ಲೇ ಎಷ್ಟು! ಎಳೆಯುವುದಕ್ಕೆ ಮಿಣಿ, ಕೊರಳಿಗೆ ಜತ್ತಿಗಿ, ಮೂಗಿಗೆ ಮೂಗುದಾರ, ಮೂರಕ್ಕೂ ಒಂದೇ ನಾರು. ಟ್ರ್ಯಾಕ್ಟರ್ ಬಂದ ಮೇಲೆ ಈ ತಾಪತ್ರಯ ಇಲ್ಲ. ಕೆಟ್ಟದ್ದೆಲ್ಲ 'ಪಾರ್ಟು', ತರುವುದೆಲ್ಲ 'ಪಾರ್ಟು'. ಹೆಸರು ಕಳೆದುಕೊಂಡು ನಮ್ಮ ನಾಲಿಗೆಗೆ ವಿಶ್ರಾಂತಿ ಸಿಕ್ಕಿದೆ.

ಕೊನೆಗೆ ಬಸವರಾಜ ಗೋಡೆಯ ಗೂಟದಿಂದ ಒಂದನ್ನು ಬಿಚ್ಚಿ ತಂದು ನನ್ನ ಕಾಲ ಬಳಿ ಇಟ್ಟ. "ಇದು?" ಅಂದ.

ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಅದು ಹೇಗಿತ್ತು ಅಂತ ಹೇಳುತ್ತೇನೆ. ನಿಮ್ಮ ಎರಡೂ ಅಂಗೈಗಳನ್ನು ಎದುರುಬದುರು ನಿಲ್ಲಿಸಿರಿ. ಮಣಿಕಟ್ಟಿನ ಕಡೆ ಅಗಲ ಬಿಡಿರಿ, ಬೆರಳ ತುದಿಗಳನ್ನು ಹತ್ತಿರ ತನ್ನಿರಿ, ಆದರೆ ಕೂಡಿಸಬೇಡಿರಿ, ಮೂರು ಬೆರಳು ಹಿಡಿಸುವಷ್ಟು ಸಂದಿ ಇರಲಿ. ಅಷ್ಟೇ. ಒಂದೂವರೆ ಗೇಣಿನ ಎರಡು ಕಬ್ಬಿಣದ ರೆಕ್ಕೆ, ಮೇಲೆ ಎರಡನ್ನೂ ಜೋಡಿಸುವ ಒಂದು ಪಟ್ಟಿ, ಪಟ್ಟಿಯಲ್ಲಿ ಎರಡು ತೂತು. ಅಗಲವಾದ ಕಡೆ ರೆಕ್ಕೆಗೊಂದರಂತೆ ಎರಡು ಬಳೆ. ಒಂದು ಬಳೆಯಲ್ಲಿ ಪುಂಡಿ ನಾರಿನ ಹಗ್ಗದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಹೊರಮೈ ತುಂಬ ವಿಭೂತಿ, ಕುಂಕುಮ, ಎಣ್ಣೆ, ಮೇಲೆ ಧೂಳು.

ವಿಭೂತಿ ಯಾಕೆ ಅಂತ ಕೇಳಿದೆ. ಮಹಾನವಮಿಗೆ ಸಾಮಾನುಗಳ ಪೂಜೆಯಲ್ಲಿ ಅಪ್ಪ ಇದನ್ನೂ ಸಾಲಿನಲ್ಲಿ ಇಡುತ್ತಿದ್ದನಂತೆ. ಅಪ್ಪ ಹೋದ ಮೇಲೆ ಬಸವರಾಜನೂ ಇಡುತ್ತ ಬಂದಿದ್ದಾನೆ. ಹನ್ನೊಂದು ವರ್ಷ ಇದು ಏನಂತ ಒಮ್ಮೆಯೂ ಕೇಳಿಕೊಳ್ಳದೆ ತೊಳೆದು, ಮೂರು ಬೆರಳು ವಿಭೂತಿ ಎಳೆದು, ಕಾಯಿ ಒಡೆದಿದ್ದಾನೆ. ನಾನೂ ಎಷ್ಟೋ ಹಬ್ಬಕ್ಕೆ ಹೋಗಿ ಅದಕ್ಕೆ ಕೈ ಮುಗಿದವನೇ. ಕೈ ಮುಗಿಯುವಾಗ ಯಾರು ನೋಡುತ್ತಾರೆ ಹೇಳಿರಿ? ನಮ್ಮಲ್ಲಿ ಒಂದು ವಸ್ತುವನ್ನು ಮರೆಯಬೇಕಾದರೆ ಅದಕ್ಕೆ ಪೂಜೆ ಸುರು ಮಾಡಿದರೆ ಸಾಕು.

ಬಸವರಾಜ ಒಂದು ತೀರ್ಮಾನ ಕೊಟ್ಟ. ಬರುವ ಆದಿತ್ಯವಾರ ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ಅದರ ಹೆಸರು ಹೇಳಿದರೆ ಉಳಿಯಲಿ, ಇಲ್ಲದಿದ್ದರೆ ಹೋಗಲಿ. ಹೆಸರು ಗೊತ್ತಿಲ್ಲದ ದೇವರಿಗೆ ಇನ್ನೆಷ್ಟು ವರ್ಷ ಕಾಯಿ ಒಡೆಯೋದು, ಅಂದ. ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಕೊಪ್ಪಳದ ನನ್ನ ಮನೆಗೆ ಬಂದೆ. ಒಂದು ಕಿಸೆಯಲ್ಲಿ ಖಾಲಿ ಹಾಳೆ, ಒಂದು ಕೈಯಲ್ಲಿ ಹೆಸರಿಲ್ಲದ ಕಬ್ಬಿಣ. ಬಸ್ಸಿನಲ್ಲಿ ಕೂತಾಗ, ಬಿಟ್ಟು ಹೋಗುವ ಕಾಲಕ್ಕೆ ಮನುಷ್ಯನಿಗೆ ಎಂಥಾ ಪರೀಕ್ಷೆ ಇಡುತ್ತಾರಪ್ಪ ಅಂತ ನನ್ನ ಮೇಲೆ ನನಗೇ ಕನಿಕರ ಬಂತು.

ನನ್ನ ಹೆಂಡತಿ ಗಂಗಾವತಿಯವಳು. ಕಾಲುವೆ ನೀರು ಕುಡಿದು ಬೆಳೆದ ಜನಕ್ಕೆ ನಮ್ಮ ಒಣ ಬೇಸಾಯ ಅಂದರೆ ಯಾವತ್ತೂ ಒಂದು ಸಣ್ಣ ನಗು. ನಮ್ಮ ಕಡೆ ತೂಬು ಎತ್ತಿದರೆ ಮುಗೀತು, ನೀವು ಮಳೆಗೆ ಕಾಯುತ್ತ ಕೂತು ಬೇಸರಕ್ಕೆ ಇಷ್ಟೆಲ್ಲ ಸಾಮಾನು ಮಾಡಿಕೊಂಡಿರಿ, ಅಂದಳು. ನಾನು ಸ್ನಾನ ಮುಗಿಸಿ ಬರುವುದರೊಳಗೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೋರಲು ಹಾಕಿ, ಅದರ ಮೇಲೆ ಬಿಸಿ ಕುಕ್ಕರ್ ಕೂರಿಸಿದ್ದಳು. ಅಲುಗಾಡದೆ ಕೂತಿತ್ತು. ಹೆಸರು ತಿಳಿಯದಿದ್ದರೂ ಉಪಯೋಗಕ್ಕೆ ಬಂದ ಮೊದಲ ಘಳಿಗೆ ಅದು, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಫೋಟೋ ತೆಗೆದು ಇಲಾಖೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಗಾಡಿಯದು ಅಂದರು, ಒಬ್ಬರು ಗಾಣದ್ದು ಅಂದರು, ಇಬ್ಬರು ಹೆಬ್ಬೆರಳು ಎತ್ತಿದರು. ಒಬ್ಬ ಹಿರಿಯ ಅಧಿಕಾರಿ, ಇದು ಯಾವ ಯೋಜನೆಯಲ್ಲಿ ಬರುತ್ತದೆ, ಸಬ್ಸಿಡಿ ಎಷ್ಟು ಅಂತ ಕೇಳಿದರು. ನಾನು ಕೈ ಮುಗಿಯುವ ಚಿತ್ರ ಹಾಕಿದೆ.

ವಾರ ಮುಗಿಯುತ್ತ ಬಂತು. ಶನಿವಾರ ಅರ್ಧ ದಿನ ರಜೆ ಹಾಕಿ ಕುಕನೂರಿಗೆ ಹೋದೆ. ಅಲ್ಲಿ ಮೌನೇಶ ಅಂತ ಒಬ್ಬ ಕಮ್ಮಾರ ಇದ್ದಾನೆ. ಅವನ ಅಪ್ಪನೇ ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ನೇಗಿಲಿನ ಕುಡ, ಕುಡಗೋಲು ಬಡಿದುಕೊಡುತ್ತಿದ್ದವನು. ಮೌನೇಶ ಈಗ ಟ್ರ್ಯಾಲಿಗೆ ವೆಲ್ಡಿಂಗ್ ಮಾಡುತ್ತಾನೆ, ಕುಲುಮೆ ಇದ್ದ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ನಿಂತಿವೆ. ಆದರೂ ಕೈಗೆ ಕೊಟ್ಟಾಗ ಅದನ್ನು ಹಿಡಿದ ರೀತಿಯಲ್ಲಿ ಅವನ ಅಪ್ಪ ಕಂಡ. ಉಗುರಿನಿಂದ ಬಡಿದು ಸಪ್ಪಳ ಕೇಳಿದ. ಹಳೇ ಗಾಡಿ ಗಾಲಿಯ ಪಟ್ಟಾ ಕಾಸಿ ಮಾಡಿದ್ದು ಅಂದ. ಆಮೇಲೆ ಕಿರಿದಾದ ಕಡೆಯ ಸಂದಿಯನ್ನು ಬೆಳಕಿಗೆ ಹಿಡಿದು, ಇಲ್ಲಿ ಮೊದಲು ಎರಡೂ ರೆಕ್ಕೆ ಕೂಡಿ ಒಂದು ಚೂಪು ಮೂಗು ಇತ್ತು, ಆಮೇಲೆ ಯಾರೋ ಉಳಿ ಇಟ್ಟು ಕಡಿದಿದ್ದಾರೆ, ಬಳೆ ಹಾಕಿದ್ದೂ ಆಮೇಲೆಯೇ, ಅಂದ. ಕಡಿದ ಗುರುತನ್ನು ನನ್ನ ಬೆರಳಿಗೆ ಮುಟ್ಟಿಸಿದ. ಅಲ್ಲಿ ಸಾಲಾಗಿ ಸಣ್ಣ ಹಲ್ಲಿನ ಹಾಗೆ ಕಚ್ಚು ಇದ್ದವು.

ನನಗೆ ತಿಳಿಯದೇ ಇದ್ದದ್ದು ಅದರ ಸವಕಳಿ. ನೆಲಕ್ಕೆ ಇಳಿಯುವ ಯಾವ ಸಾಮಾನಾದರೂ ಹೊರಗಡೆ ಸವೆಯುತ್ತದೆ, ಮಣ್ಣು ತಾಗುವುದು ಅಲ್ಲೇ. ಇದು ಹೊರಗೆ ಸುತ್ತಿಗೆ ಏಟಿನ ಗುರುತು ಹಾಗೇ ಇಟ್ಟುಕೊಂಡು ಒಳಗೆ ಸವೆದಿತ್ತು. ಒಳಮೈ ನುಣ್ಣಗೆ, ಕೆಳ ಅಂಚು ಎಲೆಯಷ್ಟು ತೆಳ್ಳಗೆ. ಮೌನೇಶ ಬಹಳ ಹೊತ್ತು ತಿರುಗಿಸಿ ನೋಡಿ ನನ್ನ ಕೈಗೆ ವಾಪಸ್ಸು ಕೊಟ್ಟ.

"ಇದರ ಹೆಸರು ನನಗ ಗೊತ್ತಿಲ್ರಿ ಸಾಹೇಬ್ರ," ಅಂದ. "ಆದ್ರ ಇದನ್ನ ಮಾಡಿಸಿದಾಂವ ಒಬ್ಬ, ಬಳಸಿದಾಂವ ಇನ್ನೊಬ್ಬ. ಬಳಸಿದಾಂವ ಭಾಳ ಬಳಸ್ಯಾನ."

ಆ ಮಾತನ್ನು ಚೀಲದಲ್ಲಿ ಕಬ್ಬಿಣದ ಜೊತೆ ಇಟ್ಟುಕೊಂಡು ಮರುದಿನ ಊರಿಗೆ ಹೋದೆ. ಗುಜರಿಯವನ ಟಂಟಂ ಗಾಡಿ ಆಗಲೇ ಬಂದು ನಿಂತಿತ್ತು. ಬಸವರಾಜ ಹೆಸರು ಕೇಳಿದ. ಗೊತ್ತಾಗಲಿಲ್ಲ ಅಂದೆ. ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಹೋಗಲಿ ಬಿಡಣ್ಣ, ನಿನಗೂ ವಯಸ್ಸಾತು, ಅಂದ. ಕೊಟ್ಟಿಗೆಯ ಒಂದು ಗೋಡೆ ಅಷ್ಟರಲ್ಲಿ ಬಿದ್ದಿತ್ತು. ನಾನು ಆ ಮಣ್ಣಿನ ಗುಡ್ಡೆಯ ಪಕ್ಕ ಕಟ್ಟೆಯ ಮೇಲೆ ಕೂತೆ. ಕಬ್ಬಿಣ ತೊಡೆಯ ಮೇಲಿತ್ತು. ಸುಳ್ಳು ಯಾಕೆ, ಆಗ ನನಗೆ ಕಬ್ಬಿಣದ ಚಿಂತೆ ಇರಲಿಲ್ಲ. ಮೂವತ್ತಾರು ವರ್ಷ ಯಾರಿಗೂ ಬೇಡದ ಮಾತು ಮಾರಿಕೊಂಡು ತಿರುಗಿದೆನಲ್ಲ ಅಂತ ಬೇಸರ ಬಂದಿತ್ತು.

ಆಗ ದ್ಯಾಮವ್ವ ಬಂದಳು. ಎರಡು ಓಣಿ ಆಚೆಯ ಮನೆಯವಳು, ಅಪ್ಪನ ಕಾಲದಲ್ಲಿ ನಮ್ಮ ಹೊಲಕ್ಕೆ ಕಾಯಂ ಬರುತ್ತಿದ್ದವಳು. ಎಪ್ಪತ್ತು ದಾಟಿದೆ, ಕೋಲು ಹಿಡಿದು ಓಡಾಡುತ್ತಾಳೆ. ಕೊಟ್ಟಿಗೆ ಕೆಡವುವ ಸುದ್ದಿ ಕೇಳಿ, ಕಲ್ಲಿನ ಬಾನಿಯನ್ನು ತನ್ನ ಆಡುಗಳಿಗೆ ನೀರಿಡಲಿಕ್ಕೆ ಕೇಳಲು ಬಂದಿದ್ದಳು. ಬಸವರಾಜ ಒಯ್ಯಬೇ ಅಂದ. ಆಕೆ ನನ್ನ ಕಡೆ ತಿರುಗಿ, ಆರಾಮ ಅದೀರೇನ್ರಿ ಅಂತ ಕೇಳುವಷ್ಟರಲ್ಲಿ ನನ್ನ ತೊಡೆಯ ಮೇಲಿನದನ್ನು ನೋಡಿದಳು. ಕೋಲನ್ನು ಕಟ್ಟೆಗೆ ಆನಿಸಿ, ಎರಡೂ ಕೈ ಚಾಚಿ, ಅದನ್ನು ಇಸಿದುಕೊಂಡಳು.

"ಇದು ಇನ್ನೂ ಐತೇನ್ರಿ ಯಪ್ಪಾ," ಅಂದಳು. "ನನ್ನ ಕಾಲು ಉಳಿಸಿದ್ದು ಇದ."

ಬಸವರಾಜ, ಗುಜರಿಯವನು, ನಾನು, ಮೂವರೂ ಆಕೆಯನ್ನು ನೋಡಿದೆವು. ದ್ಯಾಮವ್ವ ಕೂತು ಹೇಳಿದಳು. ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಹೆಣ್ಣುಮಗಳೊಬ್ಬಳು ಬಿದಿರಿನ ನಳಿಗೆ ಹಿಡಿದು ಅಕ್ಕಡಿ ಸಾಲು ಬಿಡುತ್ತ ಹೋಗುತ್ತಾಳೆ, ಜೋಳದ ನಡುವೆ ತೊಗರಿಯದೋ ಅವರೆಯದೋ ಒಂದು ಸಾಲು. ನಮ್ಮ ಹೊಲದಲ್ಲಿ ಅದು ದ್ಯಾಮವ್ವನ ಕೆಲಸ. ಮುಚ್ಚುವ ಕುಂಟಿ ಹಿಂದಿನಿಂದ ಬರುವುದರೊಳಗೆ ಅಕ್ಕಡಿ ಕಾಳು ಮೇಲೆಯೇ ಉಳಿದು ಹಕ್ಕಿ ಪಾಲು, ಇಲ್ಲಾ ಹದ ಆರಿ ಸುಟ್ಟು ಹೋಗುವುದು. ಅದಕ್ಕೇ ಕೈಯಲ್ಲಿ ಕಾಳು ಬಿಡುತ್ತ, ನಡೆಯುತ್ತ, ಎರಡೂ ಪಾದದಿಂದ ಮಣ್ಣು ಎಳೆದು ಮುಚ್ಚಬೇಕಿತ್ತು. ಮಣ್ಣಿನ ಹೆಂಟೆ, ಹಳೇ ಬೆಳೆಯ ಕೂಳೆ, ಜಾಲಿಮುಳ್ಳು. ಬಿತ್ತನೆ ಮುಗಿಯುವುದರೊಳಗೆ ಹಿಮ್ಮಡ ಒಡೆದು ರಕ್ತ ಬರುತ್ತಿತ್ತು. ಒಂದು ವರ್ಷ ನಮ್ಮಪ್ಪ ಇದನ್ನು ತಂದು ನಳಿಗೆಯ ಹಿಂದೆ ಬರುವ ಹಾಗೆ ಕೂರಿಗೆಗೆ ಹಗ್ಗದಿಂದ ಕಟ್ಟಿದ. ಅಗಲ ಬಾಯಿ ಮುಂದೆ, ಸಂದಿ ಹಿಂದೆ. ಆಮೇಲೆ ಆಕೆ ಕಾಳು ಬಿಡುವುದಷ್ಟೇ.

ಮಾತಿನಲ್ಲಿ ಹೇಳಿ ಆಕೆಗೆ ಸಮಾಧಾನ ಆಗಲಿಲ್ಲ. ಕಬ್ಬಿಣವನ್ನು ಬಿದ್ದ ಗೋಡೆಯ ಪುಡಿಮಣ್ಣಿನ ಮೇಲೆ ಇಟ್ಟು, ಬಳೆಗಳಲ್ಲಿ ಬೆರಳು ಹಾಕಿ, ಬಾಗಿಕೊಂಡೇ ಎರಡು ಮಾರು ಎಳೆದಳು. ಅಗಲ ಬಾಯಿಯಿಂದ ಮಣ್ಣು ಒಳಗೆ ಹೊಕ್ಕು, ರೆಕ್ಕೆಗಳ ಒಳಮೈಗೆ ಉಜ್ಜಿಕೊಂಡು, ನಡುವೆ ಕೂಡಿ, ಹಿಂದಿನ ಸಂದಿಯಿಂದ ಒಂದು ಸಣ್ಣ ದಿಬ್ಬವಾಗಿ ಹೊರಗೆ ಬಂತು. ನೇರವಾದ, ಎರಡು ಬೆರಳು ಎತ್ತರದ ದಿಬ್ಬ. ಅದರ ಕೆಳಗೆ ತೊಗರಿ ಕಾಳು ಇದ್ದಿದ್ದರೆ ಬೆಚ್ಚಗೆ ಮಲಗಿರುತ್ತಿದ್ದವು.

ಆ ದಿಬ್ಬ ನೋಡುತ್ತಿದ್ದ ಹಾಗೆ ನನಗೆ ನೆನಪಾಯಿತು. ಅದನ್ನು ಮಾಡಿಸಿದವನು ನಾನೇ.

ನೌಕರಿಗೆ ಸೇರಿದ ಮೊದಲ ವರ್ಷ. ತರಬೇತಿ ಮುಗಿಸಿ ಬಂದವನ ಬಿಸಿ ರಕ್ತ. ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುವ ಕುಂಟಿಗೆ ನಮ್ಮವರು ಹಗ್ಗ ಸುತ್ತಿ ಬುಡಕ್ಕೆ ಮಣ್ಣು ಏರಿಸುತ್ತಾರೆ. ಹಗ್ಗ ಯಾಕೆ, ಕಬ್ಬಿಣದ್ದೇ ಒಂದು ಇರಲಿ ಅಂತ ನಾನೇ ಕಾಗದದ ಮೇಲೆ ಚಿತ್ರ ಬರೆದು ಮೌನೇಶನ ಅಪ್ಪನ ಹತ್ತಿರ ಮಾಡಿಸಿದ್ದೆ. ಮುಂದೆ ಚೂಪಾದ ಮೂಗು, ಹಿಂದೆ ಅಗಲವಾಗುವ ಎರಡು ರೆಕ್ಕೆ. ಮೂಗು ಮಣ್ಣು ಸೀಳಬೇಕು, ರೆಕ್ಕೆ ಅದನ್ನು ಎರಡೂ ಕಡೆ ಸರಿಸಬೇಕು. ಊರಿಗೆ ತಂದು, ಇದೇ ಕಟ್ಟೆಯ ಮೇಲೆ, ಹತ್ತು ಮಂದಿಯ ಎದುರು ಅಪ್ಪನಿಗೆ ಕೊಟ್ಟು ಒಂದು ಭಾಷಣವನ್ನೂ ಮಾಡಿದೆ. ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಆತು ಬಿಡಪಾ, ಇಡು" ಅಂದ. ಮುಂದಿನ ಹಂಗಾಮಿಗೆ ಬಂದು ನೋಡಿದರೆ ಕುಂಟಿಗೆ ಎಂದಿನಂತೆ ಹಗ್ಗ ಸುತ್ತಿತ್ತು. ನನ್ನ ಕಬ್ಬಿಣ ಎಲ್ಲಿ ಅಂತ ನಾನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಅವತ್ತಿನಿಂದ ಅಪ್ಪ ಸಾಯುವ ತನಕ ನಾನು ಅವನೊಂದಿಗೆ ಒಕ್ಕಲುತನದ ಮಾತು ಆಡಲಿಲ್ಲ. ಮಕ್ಕಳ ಸಾಲಿ, ಮಳಿ, ಮೈಗೆ ಹೇಗಿದೆ, ಇಷ್ಟರಲ್ಲೇ ಇಪ್ಪತ್ತೈದು ವರ್ಷ ಕಳೆದೆವು.

ಊರಿಗೆಲ್ಲ ಬಿತ್ತುವುದು ಹೇಳಿಕೊಡುವ ಮನುಷ್ಯ ಸ್ವಂತ ಹೊಲದ ಬಿತ್ತನೆ ಯಾಕೆ ನೋಡಲಿಲ್ಲ ಅಂತ ಕೇಳುತ್ತೀರಿ. ಕೇಳಲೇಬೇಕು. ಹದ ಬಂದಾಗ ಊರೂರಲ್ಲಿ ಬೀಜ ಹಂಚುವುದೇ ನನ್ನ ಕೆಲಸ, ಆಗ ನಮಗೆ ರಜೆ ಇರುತ್ತಿರಲಿಲ್ಲ. ನೌಕರಿಗೆ ಸೇರಿದ ಮೇಲೆ ನಮ್ಮ ಹೊಲದ ಬಿತ್ತನೆಯನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ಹಬ್ಬಕ್ಕೆ ಬಂದಾಗ ಅದು ವಿಭೂತಿ ಹಚ್ಚಿಕೊಂಡು ಸಾಲಿನಲ್ಲಿ ಕೂತಿರುತ್ತಿತ್ತು, ಅಪ್ಪನ ಕೈಯಲ್ಲಿ ಮೂಗು ಕಳೆದುಕೊಂಡು, ಬಳೆ ಹಾಕಿಕೊಂಡು. ನನ್ನ ಕೂಸನ್ನು ನಾನೇ ಗುರುತಿಸಲಿಲ್ಲ.

ಎಷ್ಟು ವರ್ಷ ಬಳಸಿದರು ಅಂತ ದ್ಯಾಮವ್ವನನ್ನು ಕೇಳಿದೆ. ಎತ್ತು ಮಾರುವ ತನಕ, ಅಂದಳು. ಅಂದರೆ ಇಪ್ಪತ್ತರ ಮೇಲೆ ಮುಂಗಾರು. ಹದ ನೋಡಿಕೊಂಡು ಓಣಿಯವರೂ ಎರವಲು ಒಯ್ಯುತ್ತಿದ್ದರಂತೆ. ಊರಲ್ಲಿ ಅದಕ್ಕೆ 'ಸಾಹೇಬ' ಅಂತ ಹೆಸರಂತೆ, ನಾನು ಮಾಡಿಸಿದ್ದಲ್ಲವೇ, ಅದಕ್ಕೆ. ಬಸವರಾಜ ಅಲ್ಲಿಯತನಕ ತಡೆದಿದ್ದ ನಗುವನ್ನು ಆಗ ಬಿಟ್ಟ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಆಯಿತು. ಕಣ್ಣೊರೆಸಿಕೊಳ್ಳುವಾಗ ಮಣ್ಣಿನ ಧೂಳು ಅಂತ ಯಾರೂ ಕೇಳದೇ ಇದ್ದರೂ ಹೇಳಿದೆ.

"ಅಪ್ಪ ಇದರ ಬಗ್ಗೆ ಏನಾರ ಅಂತಿದ್ನೇನಬೇ?" ಅಂತ ಕೇಳಿದೆ. ಕೇಳುವಾಗ ನನಗೆ ಅರವತ್ತು ವರ್ಷ ಅನ್ನುವುದು ಮರೆತಿತ್ತು.

"ಅಂತಿದ್ರರಿ. ನಮ್ಮ ಹುಡುಗ ಮಾಡಿಸಿದ್ದು ಛಲೋ ಐತಿ, ಹೇಳಿದ್ದಷ್ಟ ತಪ್ಪು, ಅಂತಿದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

ದ್ಯಾಮವ್ವ ಕೋಲು ಕೈಗೆ ತಗೊಂಡು ಎದ್ದಳು. "ನಾನೂ ಕೇಳಿದ್ನಿರಿ ಒಮ್ಮೆ. ಹೇಳಿದ್ರ ಆಂವ ಇನ್ನೊಂದು ಮಾಡಿಸ್ಕೊಂಡು ಬರ್ತಾನ, ಅಂದ್ರು."

ಗುಜರಿಯವನು ಉಳಿದ ಕಬ್ಬಿಣ ತುಂಬಿಕೊಂಡು ಹೋದ. ಬಾನಿಯನ್ನು ಬಸವರಾಜ ಟ್ರ್ಯಾಕ್ಟರಿನಲ್ಲಿ ದ್ಯಾಮವ್ವನ ಮನೆಗೆ ಮುಟ್ಟಿಸಿದ. ನಾನು ಸಾಹೇಬನನ್ನು ಅಲ್ಲೇ ಬಿಟ್ಟು ಬಂದೆ, ಬರುವ ಮಹಾನವಮಿಗೆ ಪೂಜೆಯ ಸಾಲು ಖಾಲಿ ಕಾಣಬಾರದು ನೋಡಿರಿ. ಯಾವ ಕಡೆ ಮುಖ ಮಾಡಿ ಇಡಲಿ ಅಂತ ತಮ್ಮ ಮೊದಲ ಸಲ ಕೇಳಿದ. ಅಪ್ಪ ಕಟ್ಟಿದ ಹಾಗೆ ಇಡು, ಅಂದೆ.

ಕಿಸೆಯ ಹಾಳೆ ಅಷ್ಟರಲ್ಲಿ ಮಡಿಕೆಯಲ್ಲಿ ಹರಿದಿತ್ತು. ಅದರಲ್ಲೇ ಬರೆದುಕೊಟ್ಟೆ. ಸವಿತಾ ಎರಡು ಸಲ ಓದಿದಳು. ಸರ್, ಇದರಲ್ಲಿ ನಿಮ್ಮ ಮಾತು ಅವರು ಕೇಳಲೇ ಇಲ್ಲವಲ್ಲ, ಉಪಾಯ ನಿಮ್ಮ ತಂದೆಯವರದ್ದು, ಅಂದಳು. ಹೌದಮ್ಮಾ, ಕಬ್ಬಿಣ ಮಾತ್ರ ನನ್ನದು, ಅಂದೆ. ಆಕೆ ಒಂದು ಅಕ್ಷರ ಬದಲಿಸದೆ ಅಚ್ಚು ಹಾಕಿಸಿದಳು. ಹುಡುಗಿ ಮುಂದೆ ಬರುತ್ತಾಳೆ.

ಆಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ, ಬಸ್ಸಿನಲ್ಲಿ, ಸ್ನಾನ ಮಾಡುವಾಗ, ಕುಕ್ಕರ್ ಕೂಗುವುದನ್ನು ಎಣಿಸುವಾಗ. 'ಆತ್ರಿ' ಅಂದವರೆಲ್ಲ ನನ್ನ ಮಾತನ್ನು ಕಸಕ್ಕೆ ಹಾಕಿದರು ಅಂತ ತಿಳಿದೇ ದಣಿದೆನಲ್ಲ, ಅವರಲ್ಲಿ ಎಷ್ಟು ಮಂದಿ ಅದನ್ನು ಮನೆಗೆ ಒಯ್ದು, ಮೂಗು ಕಡಿದು, ಹಿಂದುಮುಂದು ಮಾಡಿ ಕಟ್ಟಿಕೊಂಡಿರಬಹುದು? ಗೊತ್ತಿಲ್ಲ. ಹೇಳುವುದು ನನ್ನ ಕೆಲಸವಾಗಿತ್ತು, ಆಮೇಲೆ ಏನಾಯಿತು ಅಂತ ಕೇಳುವುದನ್ನು ಯಾರೂ ನನ್ನ ಕೆಲಸದಲ್ಲಿ ಬರೆದಿರಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಅಪ್ಪನನ್ನೇ ಕೇಳಲಿಲ್ಲವಲ್ಲ. ಒಂದು ಮಾತು, 'ಅದು ಏನಾತಪ್ಪಾ' ಅಂತ. ಕೇಳಿದ್ದರೆ ಹೇಳುತ್ತಿದ್ದ. ಈ ಒಂದು ಸಂಕಟ ನನ್ನ ಜೊತೆಗೇ ಹೋಗುವಂಥದ್ದು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಹೊರಗೆ ಬಂದರೆ ಆಫೀಸಿನ ಮೆಟ್ಟಿಲ ಹತ್ತಿರ ಬೇವೂರು ಕಡೆಯ ಒಬ್ಬ ರೈತ ನಿಂತಿದ್ದ. ಹೆಸರು ನೆನಪಿಲ್ಲ, ಮುಖ ಹತ್ತಿಪ್ಪತ್ತು ವರ್ಷದಿಂದ ಕಂಡದ್ದು. ಹಿಂಗಾರಿ ಕಡ್ಲಿ ಬಿತ್ತಬೇಕು, ಬೀಜಕ್ಕೆ ಏನು ಹಚ್ಚಲಿ ಅಂತ ಕೇಳಿದ. ಹಾರ ಹಾಕಿಕೊಂಡೇ ಹೇಳಿದೆ. ಅವನು ಕೈ ಮುಗಿದು, "ಆತ್ರಿ ಸಾಹೇಬ್ರ" ಅಂದ.

ನನಗೆ ನಗು ಬಂತು. ಹೇಳಿದ ಹಾಗೆ ಮಾಡು, ಇಲ್ಲಾ ತಿರುವಿ ಮಾಡು, ನಿನ್ನ ಖುಷಿ, ಆದರೆ ಏನು ಮಾಡಿದಿ ಅಂತ ಒಮ್ಮೆ ಬಂದು ನನಗೆ ಹೇಳು ಅಂದೆ.

ಅವನು ನನ್ನ ಮುಖ ನೋಡಿದ. "ತಿರುವಿ ಮಾಡಿದ್ರ ಬೈಯಂಗಿಲ್ಲೇನ್ರಿ?"

"ಬೈಯಾಕ ನಾಳಿಂದ ನನಗ ಪಗಾರ ಇಲ್ಲ."

ಅವನು ತಲೆಯ ವಸ್ತ್ರ ತೆಗೆದು ಕೆರೆದುಕೊಂಡ, ಆ ಕಡೆ ಈ ಕಡೆ ನೋಡಿದ, ಒಂದು ಮೆಟ್ಟಿಲು ಮೇಲೆ ಬಂದ. "ಹಂಗಾರ ಒಂದು ಮಾತು ಹೇಳ್ತೀನ್ರಿ. ನಾಕ್ ವರ್ಷದ ಹಿಂದ ನೀವು ಬದುವಿನ ಮ್ಯಾಲ ಹುಲ್ಲು ಹಚ್ಚು ಅಂದಿದ್ರಿ..."

ಮನೆಗೆ ಬಿಡಲು ಬಂದ ಗಾಡಿ ಎರಡು ಸಲ ಹಾರ್ನ್ ಹೊಡೆಯಿತು. ನಾನು ಕೊರಳಿನ ಹಾರ ತೆಗೆದು ಪಕ್ಕಕ್ಕೆ ಇಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕೂತೆ. "ಹೇಳು," ಅಂದೆ.